ಮಗ್ಗದ ಮೇಲಿನ ಹೋಂಸ್ಟೇ

ಸರ್ಕಾರದ ರೂಲ್ಸು ಯಾವುದೇ ಇರಲಿ, ನಮ್ಮತ್ತೆಯ ಕೈಗೆ ಸಿಕ್ಕಿದರೆ ಅದಕ್ಕೊಂದು ಹೊಸ ಗತಿ ಕಾಣುತ್ತದೆ. ನೋಡುತ್ತಾ ಬಾಯಿಬಿಟ್ಟುಕೊಂಡು ನಿಲ್ಲುವುದು ನನ್ನ ಕೆಲಸ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕೆಳಗೆ ಕರೆಂಟ್ ಮಗ್ಗ, ಮೇಲೆ ಎರಡು ಹೊಸ ರೂಮು. ಮಾಕಳಿದುರ್ಗ ಬೆಟ್ಟ ಹತ್ತಲು ಬರುವವರಿಗೆಂದು ಇದ್ದ ಮಗ್ಗಗಳಲ್ಲಿ ಅರ್ಧ ಮಾರಿ ಕಟ್ಟಿಸಿದ್ದು. ಹೋಂಸ್ಟೇ ಪರ್ಮಿಷನ್ ಸಿಗದಿದ್ದರೆ ಮಗ್ಗವೂ ಹೋಯಿತು, ರೂಮೂ ದಂಡ. ನನಗಂತೂ ಊಟ ಸೇರುತ್ತಿರಲಿಲ್ಲ.

ಮನೆಯವರ ಥರ

ನಗರಸಭೆಯ ಗುಮಾಸ್ತರು ನಿಯಮ ವಿವರಿಸಿದರು. "ನೀವೂ ಅದೇ ಮನೇಲಿರ್ಬೇಕು. ಬಂದೋರನ್ನ ಮನೆಯವರ ಥರಾನೇ ನೋಡ್ಕೋಬೇಕು."

ಅತ್ತೆ ಕೇಳಿದರು, "ಮನೆಯವರ ಥರ ಅಂದ್ರೆ, ತಿಂದ ತಟ್ಟೆ ಅವರೇ ತೊಳೀಬೇಕು ತಾನೇ?"

ಗುಮಾಸ್ತರು ನಿಯಮದ ಪುಸ್ತಕ ತಿರುವಿ ನೋಡಿದರು. "ಅಜ್ಜಿ, ಅದರ ಬಗ್ಗೆ ಮೇಲಿಂದ ಆದೇಶ ಬಂದಿಲ್ಲ."

ವಿಚಾರಣೆ

ನಮ್ಮ ವಿಚಾರಣೆಗೆಂದು ಪೊಲೀಸಪ್ಪ ಬಂದ. ಅವನು ಪೆನ್ನು ತೆಗೆಯುವ ಮೊದಲೇ ಅತ್ತೆ ಶುರುಮಾಡಿದರು. ಯಾವೂರಪ್ಪಾ, ಅಪ್ಪ ಏನ್ ಮಾಡ್ತಾರೆ, ಮದುವೆ ಆಯ್ತಾ, ಯಾಕಾಗ್ಲಿಲ್ಲ? ಕಾಫಿ ಮುಗಿಯುವಷ್ಟರಲ್ಲಿ ಅವನಿಗೆ ನಿಶ್ಚಯವಾಗಿದ್ದ ಹೆಣ್ಣು ಬೇಡವೆಂದ ಕಾರಣವೂ ಹೊರಬಿತ್ತು. ನನಗೆ ಕೈಮುಗಿಯಬೇಕೆನಿಸಿತು.

ಹೊರಡುವಾಗ ಅವನು ಕಟ್ಟುನಿಟ್ಟಾಗಿ ಹೇಳಿದ, "ರೂಮಲ್ಲಿ ಯಾರೇ ಮಲಗ್ಲಿ ಅಜ್ಜಿ, ಆಧಾರ್ ಕಾರ್ಡ್ ತಗೊಳ್ಳಿ. ಯಾರನ್ನೂ ಬಿಡಂಗಿಲ್ಲ." ಬಾಗಿಲ ಬಳಿ ತಿರುಗಿ, ದನಿ ಇಳಿಸಿ, "ನಿಮ್ ಕಡೆ ಯಾವ್ದಾದ್ರೂ ಹೆಣ್ಣಿದ್ರೆ ಹೇಳಿ" ಎಂದ.

ನಿಶ್ಶಬ್ದ ವಲಯ

ಕೊನೆಗೆ ಪ್ರವಾಸೋದ್ಯಮದ ಆಫೀಸರು ತಪಾಸಣೆಗೆ ಬರುತ್ತಾರೆಂದು ಗೊತ್ತಾಯಿತು. ಮಗ್ಗದ ಸದ್ದು ಕೇಳಿದರೆ ಕೆಲಸ ಕೆಟ್ಟಿತು. ಅತ್ತೆ ಬೀದಿಯಲ್ಲಿ ಒಂದು ಸುತ್ತು ಹೋಗಿಬಂದರು, ಆಫೀಸರು ಬರುವ ಹೊತ್ತಿಗೆ ಇಡೀ ಬೀದಿ ಮಗ್ಗ ನಿಲ್ಲಿಸಿತು! ಅಂಥ ಮೌನವನ್ನು ನಾನು ಮದುವೆಯಾಗಿ ಬಂದಮೇಲೆ ಕೇಳಿರಲೇ ಇಲ್ಲ.

ಆದರೆ ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮ ಬೀದಿಯವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಆಫೀಸರು ಮೇಲಿನ ರೂಮು ನೋಡಿ "ಪರವಾಗಿಲ್ಲ, ಪ್ರಶಾಂತವಾಗಿದೆ" ಎನ್ನುತ್ತಿದ್ದಂತೆ ಎದುರುಮನೆಯಾಕೆ ಪಕ್ಕದವಳಿಗೆ ಗುಟ್ಟು ಹೇಳಿದ್ದು ಬಸ್‌ಸ್ಟ್ಯಾಂಡಿಗೂ ಕೇಳಿಸಿತು:

"ಆವಯ್ಯ ಹೋದ್ನೇನೇ? ಮಗ್ಗ ಹಾಕ್ಬೋದಾ?"

ಆಫೀಸರು ನನ್ನ ಕಡೆ ನೋಡಿ, "ಹಾಕಿಸಿ, ನಾನೂ ಕೇಳ್ತೀನಿ" ಎಂದು ಮಂಚದ ಮೇಲೆ ಕೂತರು.

ಮಗ್ಗಗಳು ಹೊರಟವು. ಲಟಪಟ ಲಟಪಟ, ನೆಲವೂ ಅದುರಿತು. ನಾನು ಕಾಫಿ ತರಲು ಕೆಳಗೆ ಹೋಗಿ ಬಂದೆ. ಆಫೀಸರು ದಿಂಬಿಗೊರಗಿ ಗೊರಕೆ ಹೊಡೆಯುತ್ತಿದ್ದರು! ನನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗ ನಿಂತಿತು. ಆಫೀಸರು ದಡಬಡಿಸಿ ಎದ್ದು, "ಯಾಕ್ರೀ ನಿಲ್ಲಿಸಿದ್ರಿ? ಎಷ್ಟು ದಿನದ ಮೇಲೆ ಕಣ್ಣು ಹತ್ತಿತ್ತು!" ಎಂದರು. ಹಾಗೇ ನಮ್ಮ ಅರ್ಜಿಗೆ ಸಹಿಯನ್ನೂ ಹಾಕಿದರು. ಪರ್ಮಿಷನ್ ಸಿಕ್ಕಿತೆಂದು ನನ್ನ ಕಣ್ಣಲ್ಲಿ ನೀರೇ ಬಂತು.

ಅವರು ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. ಬಾಗಿಲಿಗೆ ಅಡ್ಡವಾಗಿ ಅತ್ತೆ.

"ಸ್ವಾಮಿ, ರೂಮಲ್ಲಿ ಮಲಗಿದ್ರಲ್ಲ, ಆಧಾರ್ ಕಾರ್ಡ್ ಕೊಟ್ಟು ಹೋಗಿ."