ಕೆಂಚಿಗೆ ನಾನು ಹಾಕಿದ ಇಂಜೆಕ್ಷನ್

ಅಪ್ಪನ ಕೊನೆಯ ಕಾಯಿಲೆಯಲ್ಲಿ ಎರಡು ತಿಂಗಳು ಅವರಿಗೆ ಇಂಜೆಕ್ಷನ್ ಹಾಕಿದವನು ನಾನು. ಅವರು ಒಮ್ಮೆಯೂ ಒದ್ದಿರಲಿಲ್ಲ. ಸಾಲದ್ದಕ್ಕೆ ಹಡಗಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಪ್ಪೆಯ ನರಮಂಡಲವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹೀಗಾಗಿ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಹಾಲಮ್ಮನ ಕರುವಿಗೆ ಜ್ವರ ಬಂದಾಗ, ಊರಿನಲ್ಲಿ ದನದ ಡಾಕ್ಟರಿದ್ದರೂ ನಾನೂ ಒಬ್ಬ ಇದ್ದೇನಲ್ಲ ಎಂದು ನನಗೆ ಅನ್ನಿಸಿತು.

ಹಾಲಮ್ಮ ಗಂಡನಿಲ್ಲದ ಹೆಂಗಸು. ಮಲ್ಲಿಗೆ ಕಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಿದ್ದಳು. ಅವಳ ಆಕಳು ಮುದಿಯಾಗಿ ಹಾಲು ಬತ್ತಿತ್ತು. ಇನ್ನು ಆಸೆಯೆಲ್ಲ ಅದರ ಹೆಣ್ಣುಗರು ಕೆಂಚಿಯ ಮೇಲೆ. ಡಾಕ್ಟರು ಮೂರು ದಿನದ ಇಂಜೆಕ್ಷನ್ ಬರೆದು, ಮೊದಲನೆಯದನ್ನು ತಾವೇ ಕುತ್ತಿಗೆಗೆ ಹಾಕಿ, ಉಳಿದೆರಡಕ್ಕೆ ಕರುವನ್ನು ದವಾಖಾನೆಗೆ ಕರೆತರಲು ಹೇಳಿದ್ದರು. ದವಾಖಾನೆ ಊರಿನ ಆ ತುದಿಗೆ, ನಾವು ಈ ತುದಿಗೆ.

"ಈ ಬಿಸಲಾಗ ಹೆಂಗ ಹೊಡಕೊಂಡು ಹೋಗ್ಲಿರಿ ಮೇಷ್ಟ್ರೇ?" ಎಂದಳು ಹಾಲಮ್ಮ.

"ಹೋಗೋದ್ಯಾಕ ಯಕ್ಕಾ? ನಾ ಇಲ್ಲೇನು?"

ನನ್ನ ಹೆಂಡತಿ ಗಿರಿಜಾ ಆಗ ಚಿಗಟೇರಿಯ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದಿದ್ದರೆ ಸೂಜಿ ಇರಲಿ, ಸೂಜಿಯ ಡಬ್ಬಿಯನ್ನೂ ನನ್ನ ಕೈಗೆ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ನಾನು ಸ್ಟೋವ್ ರಿಪೇರಿ ಮಾಡಿದ ಮೇಲೆ ಅಡುಗೆಮನೆಗೆ ಹೊಸದಾಗಿ ಸುಣ್ಣ ಬಳಿಸಬೇಕಾಗಿತ್ತು.

ಗಾಜಿನ ಸಿರಿಂಜನ್ನು ಕುದಿಸಿ, ಔಷಧ ತುಂಬಿ, ಕರುವಿನ ಹಿಂದೆ ನಿಂತೆ. ಕೊರಳು ಹಿಡಿದಿದ್ದ ಹಾಲಮ್ಮ, "ಡಾಕ್ಟ್ರು ಕುತ್ತಿಗಿಗೆ ಹಾಕಿದ್ರಲ್ರಿ" ಎಂದಳು.

"ಹಿಂದ ಮಾಂಸ ಜಾಸ್ತಿ ಇರತೈತಿ ಯಕ್ಕಾ" ಎಂದು ಗಂಭೀರವಾಗಿ ತಿಳಿಸಿದೆ. ನಿಜ ಹೇಳಬೇಕೆಂದರೆ, ಅಪ್ಪನಿಗೆ ಹಾಕುತ್ತಿದ್ದುದು ಅಲ್ಲಿಗೆ. ನನಗೆ ಗೊತ್ತಿದ್ದ ಜಾಗ ಅದೊಂದೇ.

ಸೂಜಿ ಇಳಿದೊಡನೆ ಕೆಂಚಿ ಮೈಯೆಲ್ಲ ನಡುಗಿಸಿ ಕೂಗಿತು. ನಾನು ಔಷಧವನ್ನು ಪೂರ್ತಿ ಒಳಗೆ ತಳ್ಳಿದೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನ್ನ ಸ್ವಭಾವವಲ್ಲ.

ಸಂಜೆ ಹೊತ್ತಿಗೆ ಕೆಂಚಿಯ ಬಲ ಹಿಂಗಾಲು ಮಾತು ಕೇಳುವುದನ್ನು ಬಿಟ್ಟಿತ್ತು. ಗೊರಸು ಹಿಂದಕ್ಕೆ ಮಡಚಿಕೊಂಡು ನೆಲಕ್ಕೆ ಉಜ್ಜುತ್ತಿತ್ತು. "ಔಷಧಿ ಗಟ್ಟಿ ಕುಂತೈತಿ, ಕರಗತೈತಿ" ಎಂದೆ. ಮರುದಿನದ ಇಂಜೆಕ್ಷನ್ನನ್ನು ಕುತ್ತಿಗೆಗೆ ಹಾಕಿದೆ. ಯಾಕೆಂದು ಹಾಲಮ್ಮ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜ್ವರ ಹೋಯಿತು, ಕಾಲು ಬರಲಿಲ್ಲ. ಎಂಟು ದಿನ ಉಪ್ಪಿನ ಗಂಟಿನಿಂದ ಕಾವು ಕೊಡಿಸಿದೆ. ನೆಲಕ್ಕೆ ಉಜ್ಜಿ ಉಜ್ಜಿ ಪಾದದ ಮೇಲೆ ಗಾಯವಾಯಿತು. ಅಷ್ಟರಲ್ಲಿ ಗಿರಿಜಾ ಬಂದಳು, ಕರುವನ್ನು ನೋಡಿದಳು, "ಏನಾತಿದಕ್ಕ?" ಎಂದಳು. "ಮುಳ್ಳು ತುಳದಿರಬೇಕು" ಎಂದೆ. ಅವಳು ತಾನೇ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ಕೆಂಚಿಯ ಗೊರಸಿನ ಸಂದಿಗೆ ಗುಂಡುಪಿನ್ನು ಚುಚ್ಚಿದರು. ಅದು ತನಗಲ್ಲ ಎಂಬಂತೆ ಕೆಂಚಿ ಮೆಲುಕು ಹಾಕುತ್ತಲೇ ಇತ್ತು.

"ಕಾಲಿನ ದೊಡ್ಡ ನರಕ್ಕ ಸೂಜಿ ತಾಕೈತಿ. ಇನ್ನ ತೊಡಿ ಮಾಂಸನೂ ಕರಗಾಕ ಹತ್ತತೈತಿ. ಯಾರು ಹಾಕಿದ್ದು?"

ಆ ನರವನ್ನು ನಾನು ಪ್ರತಿ ವರ್ಷ ಹಳದಿ ಚಾಕಿನಲ್ಲಿ ದಪ್ಪಗೆ ಬರೆದು ತೋರಿಸುತ್ತಿದ್ದೆ. ಈಗ ಅದರ ಹೆಸರಿರಲಿ, ನನ್ನ ಹೆಸರೂ ಬಾಯಿಗೆ ಬರಲಿಲ್ಲ. ಹಾಲಮ್ಮ ನನ್ನ ಕಡೆ ನೋಡದೆ, "ಹಂಪಸಾಗರದ ಕಡಿಂದ ಒಬ್ಬ ಬಂದಿದ್ನಿರಿ. ಹೆಸರು ಗೊತ್ತಿಲ್ಲ" ಎಂದಳು.

ಡಾಕ್ಟರು ಆ ಹಂಪಸಾಗರದವನನ್ನು ಮನಸಾರೆ ಬೈದರು. "ಅಂಥಾ ಕತ್ತೆ ಕೈಯಾಗ ಸೂಜಿ ಕೊಡ್ತಾರೇನ್ರಿ? ನೀವ ಹೇಳ್ರಿ ಮೇಷ್ಟ್ರೇ."

"ಕೊಡಬಾರದ್ರಿ" ಎಂದೆ.

"ಮೊದಲ ದಿನಾನ ಕರದಿದ್ರ?" ಎಂದು ಗಿರಿಜಾ ಕೇಳಿದಳು.

"ಬ್ಯಾರೆನ ಆಗ್ತಿತ್ತು ತಾಯಿ. ಈ ಗಾಯರ ಆಗ್ತಿರಲಿಲ್ಲ. ಕಾಲೂ ಇನ್ನಷ್ಟು ಬರ್ತಿತ್ತೇನೋ."

ಆ ಎಂಟು ದಿನಗಳಲ್ಲಿ ನಾನು ಉಳಿಸಿಕೊಳ್ಳುತ್ತಿದ್ದುದು ಕರುವಿನ ಕಾಲನ್ನಲ್ಲ.

ಮಧ್ಯಾಹ್ನ ಮನೆಯಲ್ಲಿ ಗಿರಿಜಾ ತಾಟು ಇಡುತ್ತಾ ಕೇಳಿದಳು: "ಹಂಪಸಾಗರದೋರು ಉಣ್ತಾರೋ, ಉಪಾಸ ಇರ್ತಾರೋ?"

ಅಂದಿನಿಂದ ಶಾಲೆಗೆ ಮೊದಲೊಮ್ಮೆ, ಆಮೇಲೊಮ್ಮೆ ಹಾಲಮ್ಮನ ಕೊಟ್ಟಿಗೆಗೆ ಹೋದೆ. ಬಿದಿರು ದಬ್ಬೆಗಳನ್ನಿಟ್ಟು ಬಟ್ಟೆ ಸುತ್ತಿ ಗೊರಸನ್ನು ನೇರ ನಿಲ್ಲಿಸುವುದು, ಬಿಚ್ಚಿ ಗಾಯ ತೊಳೆಯುವುದು, ಬಡಕಲಾದ ತೊಡೆಯನ್ನು ತಿಕ್ಕುವುದು. ಐದಾರು ತಿಂಗಳ ಮೇಲೆ ಕಾಲು ಮುಕ್ಕಾಲು ಪಾಲು ಬಂತು. ಉಳಿದ ಕಾಲು ಪಾಲು ಬರಲೇ ಇಲ್ಲ. ಇಷ್ಟು ಸೇವೆ ಮಾಡಿದರೂ ನನ್ನನ್ನು ಕಂಡೊಡನೆ ಕೆಂಚಿ ಕುಂಟುತ್ತಲೇ ಗೋಡೆಯ ಕಡೆ ಹೋಗಿ, ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲುತ್ತಿತ್ತು.

ಎರಡು ವರ್ಷದ ಮೇಲೆ ಕೆಂಚಿ ಈಯಿತು. ಹಾಲಮ್ಮ ನಮಗೆ ಗಿಣ್ಣು ತಂದಳು. ಗಿರಿಜಾ ಒಳಗಿದ್ದಳು. ಬಟ್ಟಲು ಹಿಡಿದುಕೊಂಡೇ ಕೇಳಿದೆ: "ಯಕ್ಕಾ, ಅವತ್ತು ಡಾಕ್ಟ್ರ ಮುಂದ ಯಾಕ ಸುಳ್ಳು ಹೇಳಿದಿ?"

"ಡಾಕ್ಟ್ರ ಸಲುವಾಗಿ ಅಲ್ರಿ. ಗಿರಿಜವ್ವ ಅಲ್ಲೇ ನಿಂತಿದ್ಲು. ಹೆಂಡ್ತಿ ಮುಂದ ನಿಮ್ಮ ಮರ್ಯಾದಿ ಹೋಗಬಾರದಂತ" ಎಂದಳು ಹಾಲಮ್ಮ.

ಹೆಂಡತಿಯ ಮುಂದೆ ನನಗೆ ಕಳೆದುಕೊಳ್ಳುವಷ್ಟು ಮರ್ಯಾದೆ ಇದೆಯೆಂದು ನಂಬಿದ್ದವಳು ಇಡೀ ಹಡಗಲಿಯಲ್ಲಿ ಅವಳೊಬ್ಬಳೇ. ಹುಡುಕಿ ಹುಡುಕಿ ಅವಳ ಕರುವಿಗೇ ಸೂಜಿ ಹಾಕಿದ್ದೆ.