ಚುಕ್ಕಿ ಮಂಕಾದ ಮಿಷನ್ನು

ಟೆಸ್ಟಿಂಗ್ ರೂಮಿನಲ್ಲಿ ಕೂತವರಿಗೆ ನಗೋದಕ್ಕೆ ಬೇರೆ ಜಾಗ ಬೇಕಾಗಿರಲಿಲ್ಲ. ತೊಂಬತ್ತರ ಆಸುಪಾಸಿನಲ್ಲಿ ನಾನು ಬಂಗಾರಪೇಟೆಯಿಂದ ರೈಲು ಹಿಡಿದು ಊರಿಗಾಂ ಕಡೆಯ ವೈರ್‌ಲೆಸ್ ಕಾರ್ಖಾನೆಗೆ ಹೋಗುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಆಂಡರ್ಸನ್‌ಪೇಟೆಯ ಅಣ್ಣ. ನನಗೆ ಕೆಲಸ ಕಲಿಸಿದವರು, ಬೈದೇ ಕಲಿಸಿದವರು.

ತಪ್ಪು ಮಿಷನ್ನಿನದು

ವೈರ್‌ಲೆಸ್ ಸೆಟ್ಟುಗಳನ್ನು ಪರೀಕ್ಷಿಸುವ ನಮ್ಮ ಮಿಷನ್ನಿನ ಪರದೆ ಮೇಲೆ ಒಂದು ಹಸಿರು ಗೆರೆ ಬೆಟ್ಟಗುಡ್ಡದಂತೆ ಏರಿಳಿಯುತ್ತಿತ್ತು. ಗುಂಡಿ ತಿರುಗಿಸಿದರೆ ಗೆರೆಯ ಮೇಲೆ ಒಂದು ಚುಕ್ಕಿ ಓಡುತ್ತಿತ್ತು, ಅದೇ ಮಾರ್ಕರ್. ಅದನ್ನು ಗೆರೆಯ ತುತ್ತತುದಿಗೆ ಕೂರಿಸಿದರೆ ಅಲ್ಲಿನ ಅಳತೆ ಪರದೆಯ ಮೂಲೆಯಲ್ಲಿ ಮೂಡುತ್ತಿತ್ತು.

ಆ ವರ್ಷ ಅಣ್ಣನದು ದಿನಾ ಒಂದೇ ರಾಗ: “ಈ ಮಿಷನ್ನಿಗೆ ವಯಸ್ಸಾಯ್ತು ಅಮ್ಮಣ್ಣೀ, ಚುಕ್ಕಿ ಮಂಕಾಗ್ತಾ ಐತೆ. ರಿಪೇರಿಗೆ ಕಳ್ಸೋಕೇಳು.”

ನನಗೆ ಚುಕ್ಕಿ ಝಗಝಗ ಅಂತಿತ್ತು. ಪೊರೆ ಬಂದಿದ್ದು ಅವರ ಕಣ್ಣಿಗೆ. ಆದರೆ ಹೇಳೋದು ಹೇಗೆ? ಕಣ್ಣು ಮಂದವಾದವರನ್ನು ಸ್ಟೋರ್ಸಿಗೆ ಹಾಕುತ್ತಿದ್ದರು, ಆ ಕುರ್ಚಿ ಬಿಟ್ಟರೆ ಅಣ್ಣ ಕೊರಗಿಯೇ ಹೋಗುತ್ತಿದ್ದರು. ಅಳತೆಯನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. “ನನ್ಗೂ ಕಾಣ್ತೈತೆ, ಸುಮ್ಕಿರು” ಅಂತ ಗದರಿ, ನಾನು ಹೇಳಿದ್ದನ್ನೇ ಬರೆಯುತ್ತಿದ್ದರು.

ಕುಂಕುಮ

ಆಯುಧಪೂಜೆಗೆ ಯಾರೋ ಪರದೆಯ ಗಾಜಿನ ಮೇಲೆ ನಟ್ಟನಡುವೆ ಕುಂಕುಮದ ಬೊಟ್ಟು ಇಟ್ಟರು. ರಜೆ ಮುಗಿಸಿ ಬಂದ ಅಣ್ಣ ಪರದೆ ನೋಡಿ ಅರಳಿಹೋದರು.

“ಅಯ್ಯೋ ಸಾಮಿ! ರಿಪೇರಿ ಮಾಡ್ಸವ್ರೆ ಅಮ್ಮಣ್ಣೀ, ಚುಕ್ಕಿ ಎಷ್ಟು ದಪ್ಪಕ್ಕೆ ಕಾಣ್ತೈತೆ ನೋಡು!”

ಗುಂಡಿ ತಿರುಗಿಸಿದರು. ಚುಕ್ಕಿ ಅಲ್ಲಾಡಲಿಲ್ಲ. ಇನ್ನೂ ತಿರುಗಿಸಿದರು. “ಚುಕ್ಕಿ ಸರಿಮಾಡಿ ಗುಂಡಿ ಕೆಡ್ಸವ್ರೆ, ಮುಂಡೇವು!”

ನಾನು ಸೆರಗಿನಿಂದ ಗಾಜು ಒರೆಸಿ, ಕೆಂಪಾದ ತುದಿಯನ್ನು ಅವರ ಮುಂದೆ ಹಿಡಿದೆ. ಮೂಗಿನ ಹತ್ತಿರ ತಂದು ನೋಡಿದರು. ಆಮೇಲೆ ಮೆಲ್ಲಗೆ, “ಯಾರ್ಗೂ ಯೇಳ್ಬೇಡ ತಾಯೀ. ಸ್ಟೋರ್ಸಿಗೆ ಆಕ್ಬುಡ್ತಾರೆ” ಅಂದರು.

ನನಗೆ ಕಣ್ಣಲ್ಲಿ ನೀರು ಬಂತು. ನಗುವೂ ಬಂತು, ಏನು ಮಾಡಲಿ. “ಹೇಳಲ್ಲಣ್ಣ, ಆದ್ರೆ ಆಪರೇಷನ್ ಮಾಡಿಸ್ಕೊಬೇಕು” ಅಂದೆ.

ಕಣ್ಣಿನ ಡಾಕ್ಟರು

ಬಂಗಾರಪೇಟೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಗೋಡೆಯ ಮೇಲಿನ ಅಕ್ಷರಕ್ಕೆ ಕೋಲು ಇಟ್ಟು, “ಇದೇನು ಹೇಳಿ” ಅಂದರು.

“ಮೊದ್ಲು ಬ್ರೈಟ್‌ನೆಸ್ ಜಾಸ್ತಿ ಮಾಡಿ ಡಾಕ್ಟ್ರೇ” ಅಂದರು ಅಣ್ಣ.

ರಿಪೇರಿ

ಆಪರೇಷನ್ ಆಗಿ, ಸೋಡಾಗ್ಲಾಸಿನ ಕನ್ನಡಕ ಹಾಕಿಕೊಂಡು ಅಣ್ಣ ವಾಪಸು ಬಂದರು. ಯಾರು ಊದಿದರೋ, ಅಷ್ಟರಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಸಾಹೇಬರೇ ಬಂದು ಬಾಗಿಲಲ್ಲಿ ನಿಂತರು.

ಅಣ್ಣ ಗುಂಡಿ ತಿರುಗಿಸಿದರು. ಚುಕ್ಕಿ ನೆಟ್ಟಗೆ ತುದಿಗೆ ಹೋಗಿ ಕೂತಿತು. ಅಳತೆಯನ್ನು ರೂಮಿಗೆಲ್ಲ ಕೇಳುವಂತೆ ಓದಿದರು. ಸಾಹೇಬರು ತಲೆಯಾಡಿಸಿ ಹೊರಟುಹೋದರು.

“ನೋಡ್ದಾ, ನಾನು ಆಸ್ಪತ್ರೇಲಿದ್ದಾಗ ಗುಟ್ಟಾಗಿ ಮಿಷನ್ ರಿಪೇರಿ ಮಾಡ್ಸಿಬುಟ್ಟವ್ರೆ!” ಅಂದರು ಅಣ್ಣ.

“ಹೂಂ ಅಣ್ಣ” ಅಂದೆ.

ಆಗ ನನ್ನ ಕಡೆ ತಿರುಗಿದರು. ಕನ್ನಡಕ ಸರಿಮಾಡಿಕೊಂಡು ಅಲ್ಲಲ್ಲಿ ನರೆತಿದ್ದ ನನ್ನ ತಲೆಯನ್ನೇ ದಿಟ್ಟಿಸಿದರು.

“ಅಯ್ಯೋ ಅಮ್ಮಣ್ಣೀ, ಮಿಷನ್ನೇನೋ ಸರಿಯಾಯ್ತು. ನೀನ್ಯಾವಾಗ ಇಷ್ಟು ಮುದುಕಿ ಆದೆ?”