ಇಬ್ಬರು ಸೊಸೆಯರು, ಒಂದೇ ಅಸೈನ್‌ಮೆಂಟು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಸೈನ್‌ಮೆಂಟ್ ತಿದ್ದಿದ ಮೇಷ್ಟರ ಶರ್ಟು ನೀಲಿ ಎಂದು ನನ್ನ ನೆನಪು, ಹಸಿರು ಎಂದು ಸವಿತಳ ವಾದ. ನಮ್ಮ ನೆನಪುಗಳು ಬೇರೆಬೇರೆ ಇವೆಯಲ್ಲ, ಅದೇ ಈಗ ನನಗೆ ಸಮಾಧಾನ!

ಸವಿತ ನನ್ನ ವಾರಗಿತ್ತಿ. ಅವಳ ಮನೆ ಮದ್ದೂರಿನಲ್ಲಿ, ನನ್ನದು ಮಳವಳ್ಳಿಯಲ್ಲಿ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಇಬ್ಬರೂ ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದೆವು. ಅಸೈನ್‌ಮೆಂಟ್ ಪಾಸಾಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ನೀರುಪಾಲು. ವಿಷಯ ಸುಲಭವಿತ್ತು: ಮನೆಯ ಹಿರಿಯರು ಹೇಳಿದ ಒಂದು ಘಟನೆ. ನಿಯಮಗಳನ್ನು ನಾನು ಶ್ರದ್ಧೆಯಿಂದ ಓದಿಕೊಂಡೆ. ಸ್ವಂತ ಕೈಬರಹವಿರಬೇಕು. ಹೇಳಿದವರ ಮಾತನ್ನು ಒಂದಕ್ಷರವೂ ಬದಲಿಸಬಾರದು. ಬೇರೆ ವಿದ್ಯಾರ್ಥಿಗಳೊಂದಿಗೆ ಚರ್ಚಿಸಲೇಬಾರದು. ಎರಡು ಬರಹ ಒಂದೇ ಥರ ಕಂಡರೆ ಇಬ್ಬರಿಗೂ ಸೊನ್ನೆ.

ನಿಯಮ ಪಾಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸವಿತಳಿಗೆ ಒಂದು ಮಾತೂ ಹೇಳದೆ ಹೊಳಲಿಗೆ ಹೋಗಿ ಅತ್ತೆಯ ಮುಂದೆ ಪೆನ್ನು ಹಿಡಿದು ಕೂತೆ. ಅತ್ತೆಯ ತವರು ಶಿವನಸಮುದ್ರದ ಹತ್ತಿರ. "ನಾನು ಕರೆಂಟು ಉಟ್ಟೋ ಊರ್ನೋಳು" ಎಂಬ ಪೀಠಿಕೆಯಿಲ್ಲದೆ ಅವರು ಯಾವ ಕಥೆಯನ್ನೂ ಶುರು ಮಾಡುವುದಿಲ್ಲ.

"ಈ ಮನೆಗೆ ಕರೆಂಟು ಬಂದ ದಿನ ನಮ್ಮಾವ ಅಳ್ಳೆಣ್ಣೆ ಕುಡಿಕೆ ಇಡ್ಕೊಂಡು, 'ಇದುಕ್ಕೆ ಎಣ್ಣೆ ಎಲ್ಲಿಂದ್ಲಾ ಉಯ್ಯೋದು?' ಅಂತ ಲೈನ್‌ಮ್ಯಾನ್ನ ಕೇಳುದ್ರು. ಅವ್ನು ನಕ್ಬುಟ್ಟ. 'ನಗ್ತೀಯೇನ್ಲಾ? ದೀಪುಕ್ಕೆ ಬ್ಯಾಡ್ವಾದ್ರೆ ನಿನ್ ತಲೆಗಾದ್ರೂ ಉಯ್ತೀನಿ ಕೂತ್ಕೊ' ಅಂತ ಉಯ್ದೇ ಬುಟ್ರು!"

ಶುರುವಿಗೆ ಮುಂಚೆ ಅವರು ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡೆ. ಹೆಚ್ಚು ಅಂಕ ಬರುವುದು ಖಚಿತವಾಗಿತ್ತು.

ಬಂದದ್ದು ಮಂಡ್ಯದ ಅಧ್ಯಯನ ಕೇಂದ್ರದಿಂದ ಫೋನು. ಹೋದರೆ ಅಲ್ಲಿ ಸವಿತ ಆಗಲೇ ಕೂತಿದ್ದಾಳೆ! ಮೇಷ್ಟರು ಎರಡು ಬರಹಗಳನ್ನು ಪಕ್ಕಪಕ್ಕ ಇಟ್ಟರು.

"ಎಣ್ಣೆ ಅದೇ, ಲೈನ್‌ಮ್ಯಾನ್ ಅವನೇ. ಸರಿ. ಆದರೆ ಕೆಮ್ಮು ಕೂಡ ಅದೇ ಜಾಗದಲ್ಲಿ ಇದೆಯಲ್ಲಮ್ಮ?"

"ಅವರು ಅಲ್ಲೇ ಕೆಮ್ಮೋದು ಸರ್!" ಎಂದೆವು, ಇಬ್ಬರೂ ಒಟ್ಟಿಗೆ. ಅದೂ ನಕಲಿನಂತೆಯೇ ಕೇಳಿಸಿತು.

"ಅಕ್ಕ, ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಸವಿತ ಸಿಡುಕಿದಳು.

"ಚರ್ಚಿಸಬಾರದು ಅಂತ ನಿಯಮ ಇತ್ತಲ್ಲೇ!"

"ನಾನೂ ಅದುಕ್ಕೇ ಬಾಯ್ಮುಚ್ಕೊಂಡಿದ್ದು!"

ನಿಯಮ ಮುರಿದಿದ್ದರೆ ಬಚಾವಾಗುತ್ತಿದ್ದೆವು. ಪಾಲಿಸಿ ಕೆಟ್ಟೆವು!

ಉಳಿದದ್ದು ಒಂದೇ ದಾರಿ, ಸಾಕ್ಷಿ. ಸವಿತ ಹೊಳಲಿಗೆ ಓಡಿ ಅತ್ತೆಯನ್ನು ಆಟೋದಲ್ಲಿ ಕರೆತಂದಳು. ಅತ್ತೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದರು. ನಮ್ಮ ಎದೆ ಹಗುರಾಯಿತು. ಮದುವೆಯಾಗಿ ಬಂದಾಗಿನಿಂದ ಕೇಳುತ್ತಿರುವ ಕಥೆ, ಒಂದು ಪದವೂ ಆಚೀಚೆ ಆಗದು.

"ಹೇಳಿ ತಾಯಿ" ಎಂದರು ಮೇಷ್ಟರು.

ಅತ್ತೆ ಸೆರಗು ಸರಿಮಾಡಿಕೊಂಡರು. ಕೆಮ್ಮಲಿಲ್ಲ, ಪೀಠಿಕೆಯನ್ನೂ ಹೇಳಲಿಲ್ಲ!

"ನೋಡಪ್ಪ, ನಮ್ಮಾವ ದೊಡ್ಡ ಮನ್ಸ. ಅವ್ರ ಎಸ್ರು ಪುಸ್ತಕ್ದಲ್ಲೆಲ್ಲ ಬರೀಬ್ಯಾಡಿ. ಕುಡಿಕೆ ಇಡ್ಕೊಂಡು ನಿಂತಿದ್ದೋಳು ನಾನು."

"ಅತ್ತೇ!" ಎಂದು ನಾನು ಚೀರಿದೆ.

"ಸುಮ್ಕಿರಮ್ಮಿ, ಯೋಳ್ತಾ ಇಲ್ವಾ?"

"ನೀವು ಕರೆಂಟು ಹುಟ್ಟೋ ಊರಿನವರಲ್ವಾ? ಬಲ್ಬಿಗೆ ಎಣ್ಣೆ ಬೇಡ ಅಂತ ಗೊತ್ತಿರ್ಲಿಲ್ವಾ?" ಎಂದಳು ಸವಿತ.

"ಊರಲ್ಲಿ ಉಟ್ತಿತ್ತು. ನಮ್ಮಟ್ಟಿಗೆಲ್ಲಿ ಬಂದಿತ್ತು?"

ಮೇಷ್ಟರು ಪೆನ್ನು ಮುಚ್ಚಿ ತೀರ್ಪು ಕೊಟ್ಟರು. ಕಥೆ ಹೇಳುವವರು ಒಬ್ಬರೇ ಎಂಬುದು ಸಾಬೀತಾಗಿದೆ, ಆದ್ದರಿಂದ ನಕಲಿನ ಆರೋಪವಿಲ್ಲ. ಆದರೆ ಹೇಳಿದವರೇ ಮಾತು ಬದಲಿಸಿದ್ದರಿಂದ ಎರಡೂ ಬರಹ ತಿರಸ್ಕೃತ! ಸೋಮವಾರದೊಳಗೆ ಒಬ್ಬರು ಅತ್ತೆಯ ಮಾವ ಕುಡಿಕೆ ಹಿಡಿದ ಕಥೆ, ಇನ್ನೊಬ್ಬರು ಅತ್ತೆಯೇ ಹಿಡಿದ ಕಥೆ ಬರೆದು ತರಬೇಕು. ಯಾರಿಗೆ ಯಾವುದು ಎಂದು ಈ ಸಲ ಕಡ್ಡಾಯವಾಗಿ ಚರ್ಚಿಸಬೇಕು.

ಬಸ್‌ಸ್ಟ್ಯಾಂಡ್ ತನಕ ಚರ್ಚಿಸಿದೆವು, ಅಂದರೆ ಜಗಳವಾಡಿದೆವು. ನಿಜವಾದ ಕಥೆ ಇಬ್ಬರಿಗೂ ಬೇಕಿತ್ತು. ಅದು ಯಾವುದೆಂದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಹೊಳಲಿನ ಬಸ್ಸು ಬಂತು. ಅತ್ತೆ ಹತ್ತಿ ಕಿಟಕಿಯ ಪಕ್ಕ ಕೂತರು. ಡಿಗ್ರಿ ಮುಗಿಸಿ ಎಂ.ಎ.ಗೆ ಹೊರಟ ನಾನು ಹೊರಟ ಬಸ್ಸಿನ ಜೊತೆಗೇ ಓಡುತ್ತಾ ಕೂಗಿದೆ:

"ಅತ್ತೆ, ಎಣ್ಣೆ ಕುಡಿಕೆ ಹಿಡಿದಿದ್ದು ನಿಜವಾಗಿ ಯಾರು? ನೀವೋ, ನಿಮ್ಮ ಮಾವನೋ?"